ಒಂದು ವರ್ಷದ ಮೇಲೊಂದು ದಿನ: ಅಮೆರಿಕದಲ್ಲಿ ಯಾವುದು ಫೆಲನಿ?

ಟೆಕ್ಸಾಸ್‌ನ ಎಲ್ ಪಾಸೊ ನಗರಕ್ಕೆ ಅಂಟಿಕೊಂಡೇ ಸನ್‌ಲ್ಯಾಂಡ್ ಪಾರ್ಕ್ ಅನ್ನುವ ಪುಟ್ಟ ಊರಿದೆ. ಆದರೆ ಅದು ಸೇರಿದ್ದು ಪಕ್ಕದ ನ್ಯೂ ಮೆಕ್ಸಿಕೊ ರಾಜ್ಯಕ್ಕೆ. ಅಲ್ಲಿ 2022ರ ಏಪ್ರಿಲ್‌ನಿಂದ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ. 21 ವರ್ಷ ತುಂಬಿದೆ ಅಂತ ಗುರುತಿನ ಚೀಟಿ ತೋರಿಸಿದರೆ ಸಾಕು, ತೆರಿಗೆ ಸೇರಿಸಿ ಬಿಲ್ ಹಾಕಿ ಕೈಗೆ ಕೊಡುತ್ತಾರೆ. ಒಬ್ಬ ಅಲ್ಲಿ ಗಾಂಜಾ ಎಣ್ಣೆ ತುಂಬಿದ ವೇಪ್ ಪೆನ್ ಕೊಂಡ ಅಂತಿಟ್ಟುಕೊಳ್ಳಿ. ಬೆರಳುದ್ದದ ವಸ್ತು, ಒಳಗೆ ಒಂದು ಗ್ರಾಂ ಎಣ್ಣೆ. ಅಂಗಿ ಜೇಬಿಗೆ ಹಾಕಿಕೊಂಡು ಕಾರು ಹತ್ತಿ ಕೆಲವು ನಿಮಿಷ ಓಡಿಸಿದರೆ ಟೆಕ್ಸಾಸ್. ಆ ಗೆರೆ ದಾಟಿದ ಕ್ಷಣಕ್ಕೆ ಜೇಬಿನಲ್ಲಿರುವುದು ಥರ್ಡ್ ಡಿಗ್ರಿ ಫೆಲನಿ, ಅಂದರೆ ಕಾನೂನು ದೊಡ್ಡದು ಅಂತ ಎಣಿಸುವ ಅಪರಾಧ. 2ರಿಂದ 10 ವರ್ಷ ಜೈಲು.

ಅದೇ ಆಸಾಮಿ ಎಣ್ಣೆಯ ಬದಲು 50 ಗ್ರಾಂ ಗಾಂಜಾ ಸೊಪ್ಪು ತಂದಿದ್ದರೆ? ಟೆಕ್ಸಾಸ್‌ನಲ್ಲಿ ಎರಡು ಔನ್ಸ್‌ವರೆಗೆ, ಅಂದರೆ ಸುಮಾರು 56 ಗ್ರಾಂವರೆಗೆ, ಸೊಪ್ಪು ಬರೀ ಮಿಸ್‌ಡಿಮೀನರ್, ಅಂದರೆ ಸಣ್ಣ ಅಪರಾಧ. ಹೆಚ್ಚೆಂದರೆ 180 ದಿನ. ಅಂದರೆ ಚೀಲ ತುಂಬ ಸೊಪ್ಪು ಇಟ್ಟುಕೊಂಡವನು ಸಣ್ಣ ಅಪರಾಧಿ, ಒಂದು ಗ್ರಾಂ ಎಣ್ಣೆ ಇಟ್ಟುಕೊಂಡವನು ದೊಡ್ಡ ಅಪರಾಧಿ. ಅವನೇ ನ್ಯೂ ಮೆಕ್ಸಿಕೊ ಕಡೆಗೆ ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದರೆ ಬರೀ ಗಿರಾಕಿ.

ಕೊಲೆ, ಅತ್ಯಾಚಾರ, ದರೋಡೆ, ಮನೆಗೆ ಬೆಂಕಿ ಹಚ್ಚುವುದು: ಇವು ಎಲ್ಲಿ ಹೋದರೂ ಫೆಲನಿಯೇ. ಅದಕ್ಕೆ ಲೇಖನ ಬೇಕಾಗಿಲ್ಲ. ತಲೆ ಕೆಡಿಸುವುದು ಗೆರೆಯ ಮೇಲೆ ನಿಂತ ಅಪರಾಧಗಳು. ಅಮೆರಿಕದ ಕೋರ್ಟುಗಳಿಗೆ ದಿನಾ ಬರುವುದೂ ಅವೇ ಜಾಸ್ತಿ.

34 ಫೆಲನಿ, ಒಂದು ದಿನವೂ ಜೈಲಿಲ್ಲ

2024ರ ಮೇ 30ರಂದು ನ್ಯೂಯಾರ್ಕ್‌ನ ಜ್ಯೂರಿ ಡೊನಾಲ್ಡ್ ಟ್ರಂಪ್ 34 ಫೆಲನಿಗಳಲ್ಲಿ ತಪ್ಪಿತಸ್ಥ ಅಂತ ಹೇಳಿತು. ಆಮೇಲೆ ನಮ್ಮ ಮನೆಯಲ್ಲಿ ಒಂದು ವಾರ ಅದೇ ಮಾತು. ನಮ್ಮ ಚಿಕ್ಕಪ್ಪ ಪೇಪರ್ ಮಡಿಚಿಟ್ಟು ಕೇಳಿದ ಪ್ರಶ್ನೆ: "ಅಲ್ವೋ, ಮೂವತ್ನಾಲ್ಕು ಘೋರ ಅಪರಾಧ ಮಾಡಿದೋನು ಹ್ಯಾಗೋ ಎಲೆಕ್ಷನ್‌ಗೆ ನಿಲ್ತಾನೆ?"

ತಪ್ಪು ಚಿಕ್ಕಪ್ಪನದಲ್ಲ. ನಮ್ಮಲ್ಲಿ ಫೆಲನಿಗೆ "ಘೋರ ಅಪರಾಧ" ಅಂತ ಬರೆದುಬಿಡುವ ರೂಢಿಯಿದೆ. ಆ ಪದದಲ್ಲಿ ರಕ್ತದ ವಾಸನೆ ಇದೆ. ಟ್ರಂಪ್ ವಿಷಯದಲ್ಲಿ ಇದ್ದದ್ದು ಚೆಕ್ಕು, ಇನ್‌ವಾಯ್ಸ್, ಲೆಕ್ಕದ ಪುಸ್ತಕ. ವ್ಯಾಪಾರದ ದಾಖಲೆಯಲ್ಲಿ ಸುಳ್ಳು ಬರೆಯುವುದು ನ್ಯೂಯಾರ್ಕ್‌ನಲ್ಲಿ ಮೂಲತಃ ಮಿಸ್‌ಡಿಮೀನರ್. ಇನ್ನೊಂದು ಅಪರಾಧ ಮಾಡಲಿಕ್ಕೆ ಅಥವಾ ಮುಚ್ಚಲಿಕ್ಕೆ ಆ ಸುಳ್ಳು ಬರೆದಿದ್ದರೆ ಮಾತ್ರ ಅದು ಫೆಲನಿಗೆ ಬಡ್ತಿ ಪಡೆಯುತ್ತದೆ. ಅದೂ ಇ ಕ್ಲಾಸ್, ಅಲ್ಲಿಯ ಫೆಲನಿಗಳಲ್ಲಿ ತೀರಾ ಕೆಳಗಿನದು. ಒಂದೊಂದಕ್ಕೆ ಗರಿಷ್ಠ 4 ವರ್ಷ. 2025ರ ಜನವರಿ 10ರಂದು ಜಡ್ಜ್ ಕೊಟ್ಟದ್ದು ಜೈಲೂ ಅಲ್ಲ, ದಂಡವೂ ಅಲ್ಲ, ಯಾವ ಷರತ್ತೂ ಇಲ್ಲದ ಬಿಡುಗಡೆ. ಅದರ ಮೇಲೂ ಅವರು ಮೇಲ್ಮನವಿ ಹಾಕಿದರು. ಇನ್ನು ಎಲೆಕ್ಷನ್ ವಿಷಯ: ಅಧ್ಯಕ್ಷ ಆಗುವವರಿಗೆ ವಯಸ್ಸು, ಹುಟ್ಟು ಪೌರತ್ವ, ವಾಸದ ಅವಧಿ ಬೇಕು ಅಂತ ಸಂವಿಧಾನ ಹೇಳುತ್ತದೆ. ಫೆಲನಿ ಇರಬಾರದು ಅಂತ ಎಲ್ಲೂ ಹೇಳಿಲ್ಲ.

ಇಲ್ಲೇ ವಿಷಯದ ಗುಟ್ಟಿದೆ. ಫೆಲನಿ ಅನ್ನುವುದು ಕೃತ್ಯ ಎಷ್ಟು ಕ್ರೂರ ಅನ್ನುವುದರ ಅಳತೆಯಲ್ಲ. ಆರೋಪಿಗೆ ಸಿಕ್ಕ ಶಿಕ್ಷೆಯ ಅಳತೆಯೂ ಅಲ್ಲ. ಕಾನೂನು ಪುಸ್ತಕದಲ್ಲಿ ಆ ಅಪರಾಧಕ್ಕೆ ಹೆಚ್ಚೆಂದರೆ ಎಷ್ಟು ಶಿಕ್ಷೆ ಕೊಡಬಹುದು ಅಂತ ಬರೆದಿದೆಯೋ, ಅದರ ಅಳತೆ. ಫೆಡರಲ್, ಅಂದರೆ ಅಲ್ಲಿಯ ಕೇಂದ್ರ ಸರ್ಕಾರದ, ಕಾನೂನಿನಲ್ಲಿ ಗೆರೆ ಎಳೆದಿರುವುದು ಒಂದು ವರ್ಷಕ್ಕೆ. ಒಂದು ವರ್ಷದವರೆಗೆ ಮಿಸ್‌ಡಿಮೀನರ್. ಅದಕ್ಕಿಂತ ಒಂದು ದಿನ ಜಾಸ್ತಿ ಕೊಡಬಹುದು ಅಂತಿದ್ದರೆ ಫೆಲನಿ. ಬಹಳಷ್ಟು ರಾಜ್ಯಗಳೂ ಇದೇ ಗೆರೆ ಇಟ್ಟುಕೊಂಡಿವೆ.

ಫೆಡರಲ್ ಫೆಲನಿಗಳಿಗೆ ಅಕ್ಷರ ಹಚ್ಚಿದ್ದಾರೆ. ಮರಣದಂಡನೆ ಅಥವಾ ಜೀವಾವಧಿ ಇದ್ದರೆ ಎ ಕ್ಲಾಸ್. ಗರಿಷ್ಠ 25 ವರ್ಷ ಮುಟ್ಟಿದರೆ ಬಿ, 10 ಮುಟ್ಟಿದರೆ ಸಿ, 5 ಮುಟ್ಟಿದರೆ ಡಿ, ಅದಕ್ಕಿಂತ ಕಡಿಮೆ ಆದರೆ ಒಂದು ವರ್ಷಕ್ಕಿಂತ ಜಾಸ್ತಿ ಇದ್ದರೆ ಇ. ಹೀಗೆ ಹೇಳಿದಾಗ ಎಲ್ಲ ಬಹಳ ಶಿಸ್ತಾಗಿ ಕಾಣುತ್ತದೆ. ಒಳಗೆ ಹೋದರೆ ಬೇರೆಯೇ ಕಥೆ. ಸರ್ಕಾರದ 900 ಡಾಲರ್ ಬೆಲೆಯ ಸಾಮಾನು ಕದ್ದರೆ ಮಿಸ್‌ಡಿಮೀನರ್, ಯಾಕೆಂದರೆ ಅಲ್ಲಿ ಗೆರೆ ಇರುವುದು 1,000 ಡಾಲರ್‌ಗೆ. ಪಕ್ಕದ ಮನೆಯವರ ಟಪಾಲು ಡಬ್ಬಿಯಿಂದ ಒಂದು ಕಾಗದ ಕದ್ದರೆ ಗರಿಷ್ಠ 5 ವರ್ಷ, ಡಿ ಕ್ಲಾಸ್ ಫೆಲನಿ. ಒಳಗೆ ಹುಟ್ಟುಹಬ್ಬದ ಕಾರ್ಡ್ ಇದ್ದರೂ ಅಷ್ಟೇ, ಚೆಕ್ ಇದ್ದರೂ ಅಷ್ಟೇ. ಫೆಡರಲ್ ಅಧಿಕಾರಿಗೆ ಮುಖ್ಯ ವಿಷಯದಲ್ಲಿ ಬೇಕಂತಲೇ ಸುಳ್ಳು ಹೇಳಿದರೂ 5 ವರ್ಷವೇ. ಪ್ರಮಾಣ ಮಾಡಿಸಿ ಕೇಳಿರಬೇಕು ಅಂತೇನಿಲ್ಲ.

ಇನ್ನೊಂದು ವಿಚಿತ್ರ ಹೇಳಿಬಿಡುತ್ತೇನೆ. ಫೆಡರಲ್ ಕೋರ್ಟುಗಳಲ್ಲಿ "ಒಂದು ವರ್ಷ ಒಂದು ದಿನ" ಅಂತ ಶಿಕ್ಷೆ ಕೊಡುವ ಪದ್ಧತಿ ಇದೆ. ಆ ಒಂದು ದಿನ ಜಡ್ಜ್ ಮಾಡುವ ಉಪಕಾರ. ಒಳ್ಳೇ ನಡತೆಗೆ ಶಿಕ್ಷೆ ಕಡಿತ ಸಿಗುವುದು ಒಂದು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇದ್ದವರಿಗೆ ಮಾತ್ರ. ಹಾಗಾಗಿ 366 ದಿನ ಶಿಕ್ಷೆ ಆದವನು 365 ದಿನ ಆದವನಿಗಿಂತ ಸುಮಾರು 50 ದಿನ ಮುಂಚೆ ಮನೆಗೆ ಬರಬಹುದು.

ನಮ್ಮ ಕಾನೂನಿಗೆ ಹೋಲಿಸಲು ಹೋದರೆ

ನಮ್ಮಲ್ಲಿ ಇದಕ್ಕೆ ಸರಿಯಾದ ಜೋಡಿ ಪದ ಇಲ್ಲ. ನಮ್ಮದು ಬೇರೆ ಲೆಕ್ಕ: ಕಾಗ್ನಿಜಬಲ್ಲಾ, ಬೇಲ್ ಸಿಗುತ್ತಾ? ಕಾಗ್ನಿಜಬಲ್, ಅಂದರೆ ಸಂಜ್ಞೇಯ ಅಪರಾಧ ಆದರೆ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು, ಎಫ್‌ಐಆರ್ ಆಗುತ್ತದೆ. ಅಲ್ಲದಿದ್ದರೆ ಠಾಣೆಯಲ್ಲಿ ಎನ್‌ಸಿ ಬರೆದುಕೊಂಡು ಕಳಿಸುತ್ತಾರೆ. ಇವೆಲ್ಲ ತನಿಖೆಗೂ ವಿಚಾರಣೆಗೂ ಮಾಡಿಕೊಂಡ ವಿಂಗಡಣೆ. ಕೇಸು ಮುಗಿದು, ಶಿಕ್ಷೆ ಅನುಭವಿಸಿ ಹೊರಗೆ ಬಂದ ಮೇಲೆ "ಇವನು ಸಂಜ್ಞೇಯ ಅಪರಾಧಿ" ಅಂತ ಯಾರೂ ಕರೆಯುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಫೆಲನಿ ಮಾಡಿದವನಿಗೆ ಫೆಲನ್ ಅಂತ ಹೆಸರು. ಜೈಲು ಮುಗಿದರೂ ಆ ಹೆಸರು ಉಳಿಯುತ್ತದೆ.

ಇದರ ಬೇರು ಹಳೇ ಇಂಗ್ಲೆಂಡಿನಲ್ಲಿದೆ. ಅಲ್ಲಿ ಫೆಲನಿ ಅಂದರೆ ಆಸ್ತಿ ಕಳೆದುಕೊಳ್ಳುವ ಅಪರಾಧ. ಜಮೀನು, ಸಾಮಾನು ಎಲ್ಲ ಹೋಗುತ್ತಿತ್ತು, ಬಹಳ ಸಲ ಜೀವವೂ ಹೋಗುತ್ತಿತ್ತು. 1870ರಲ್ಲಿ ಆಸ್ತಿ ಮುಟ್ಟುಗೋಲು ನಿಂತಿತು. 1967ರಲ್ಲಿ ಫೆಲನಿ, ಮಿಸ್‌ಡಿಮೀನರ್ ಅನ್ನುವ ವ್ಯತ್ಯಾಸವನ್ನೇ ಇಂಗ್ಲೆಂಡ್ ಕೈಬಿಟ್ಟಿತು. ಅಪ್ಪನ ಮನೆಯವರು ಅಟ್ಟಕ್ಕೆ ಹಾಕಿದ ಪಾತ್ರೆಯನ್ನು ಮಗ ಇನ್ನೂ ದಿನಾ ಒಲೆ ಮೇಲೆ ಇಡುತ್ತಿದ್ದಾನೆ.

ಎಷ್ಟು ಡಾಲರ್ ಕದ್ದರೆ?

ಕಳ್ಳತನದಲ್ಲಿ ಈ ಗೆರೆ ಕಣ್ಣಿಗೆ ಹೊಡೆದು ಕಾಣುತ್ತದೆ, ಯಾಕೆಂದರೆ ಇಲ್ಲಿ ಅದಕ್ಕೆ ಬೆಲೆ ಚೀಟಿ ಹಚ್ಚಿದ್ದಾರೆ. ಟೆಕ್ಸಾಸ್‌ನಲ್ಲಿ ಸಾಮಾನ್ಯ ಕಳ್ಳತನ ಫೆಲನಿ ಆಗುವುದು 2,500 ಡಾಲರ್‌ಗೆ. ಕ್ಯಾಲಿಫೋರ್ನಿಯಾದಲ್ಲಿ 950 ದಾಟಿದರೆ. ನ್ಯೂಯಾರ್ಕ್‌ನಲ್ಲಿ 1,000 ದಾಟಿದರೆ. ಫ್ಲೋರಿಡಾದಲ್ಲಿ 750. ಇಲಿನಾಯ್‌ನಲ್ಲಿ ಅಂಗಡಿ ಕಳ್ಳತನಕ್ಕೆ 300 ಡಾಲರ್ ದಾಟಿದರೆ ಸಾಕು. ಕಟ್ಟುನಿಟ್ಟು ಅಂತ ಹೆಸರಾದ ಟೆಕ್ಸಾಸ್ ಇಲ್ಲಿ ಎಷ್ಟು ಉದಾರಿ ನೋಡಿ. ಮೆತ್ತಗಿನ ರಾಜ್ಯ ಅಂತ ಬೈಸಿಕೊಳ್ಳುವ ಕ್ಯಾಲಿಫೋರ್ನಿಯಾದ ಗೆರೆ ಅದರ ಅರ್ಧಕ್ಕೂ ಇಲ್ಲ. ಟಿವಿ ಚರ್ಚೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ ಅಂತ ನನಗೆ ಸ್ವಲ್ಪ ಸಿಟ್ಟಿದೆ.

ಈ ಗೆರೆ ಬೆಲೆ ಏರಿಕೆಯ ಜೊತೆ ತಾನಾಗಿ ಏರುವುದಿಲ್ಲ. ವರ್ಜೀನಿಯಾ 1980ರಲ್ಲಿ 200 ಡಾಲರ್ ಅಂತ ಇಟ್ಟದ್ದು 2018ರವರೆಗೆ ಹಾಗೇ ಇತ್ತು. 1980ರಲ್ಲಿ 200 ಡಾಲರ್ ಅಂದರೆ ಒಳ್ಳೇ ಮೊತ್ತ. 2017ರಲ್ಲಿ ಅದು ಒಂದು ಜೊತೆ ಒಳ್ಳೇ ಶೂ. ಕೃತ್ಯ ಬದಲಾಗಲಿಲ್ಲ, ಕಾನೂನೂ ಬದಲಾಗಲಿಲ್ಲ, ಸುಮ್ನೆ ರೂಪಾಯಿಯ ಹಾಗೆ ಡಾಲರ್ ಸವೆಯಿತು. ಆ ಸವಕಳಿಯಲ್ಲೇ ಎಷ್ಟೋ ಜನ ಫೆಲನ್ ಆದರು. 2018ರಲ್ಲಿ ಅದನ್ನು 500ಕ್ಕೆ, 2020ರಲ್ಲಿ 1,000ಕ್ಕೆ ಏರಿಸಿದರು.

ಬೆಲೆ ಒಂದೇ ಅಲ್ಲ, ಹಳೇ ದಾಖಲೆಯೂ ಗೆರೆಯನ್ನು ಎಳೆದಾಡುತ್ತದೆ. 2000ದಲ್ಲಿ ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೊದಲ್ಲಿ ಒಬ್ಬ ಗಾಲ್ಫ್ ಅಂಗಡಿಯಿಂದ ಮೂರು ಗಾಲ್ಫ್ ಕೋಲು ಕದ್ದ. ಒಂದೊಂದಕ್ಕೆ 399 ಡಾಲರ್. ಮೂರನ್ನೂ ಪ್ಯಾಂಟಿನ ಕಾಲೊಳಗೆ ತುರುಕಿಕೊಂಡಿದ್ದ. ಮೊಣಕಾಲು ಮಡಚಲಾಗದೆ ಕುಂಟುತ್ತಾ ಹೊರಗೆ ಹೋದದ್ದನ್ನು ಕಂಡು ಅಂಗಡಿಯ ಹುಡುಗ ಪೊಲೀಸರಿಗೆ ಫೋನ್ ಮಾಡಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಕಥೆಯೇ. ಇಲ್ಲಿ ಮಾತ್ರ ಕಾಲು ಹೇಳಿಕೊಟ್ಟಿತು.

ಆ ಕಳ್ಳತನ ಕ್ಯಾಲಿಫೋರ್ನಿಯಾದಲ್ಲಿ "ವಾಬ್ಲರ್". ವಕೀಲರು ಆಡುವ ಪದ ಇದು. ಅಂದರೆ ಆ ಕಡೆ ಈ ಕಡೆ ತೂಗಾಡುವ ಅಪರಾಧ. ಪ್ರಾಸಿಕ್ಯೂಟರ್ ಮನಸ್ಸು ಮಾಡಿದರೆ ಫೆಲನಿ, ಜಡ್ಜ್ ಮನಸ್ಸು ಮಾಡಿದರೆ ಇಳಿಸಿ ಮಿಸ್‌ಡಿಮೀನರ್. ಈತನಿಗೆ ಹಳೇ ಕಳವು, ದರೋಡೆಯ ದಾಖಲೆ ಇತ್ತು. ಜಡ್ಜ್ ಇಳಿಸಲಿಲ್ಲ. ಎರಡು ಗಂಭೀರ ಅಪರಾಧದ ದಾಖಲೆ ಇದ್ದವನು ಮೂರನೇ ಸಲ ಫೆಲನಿ ಮಾಡಿದರೆ ಭಾರೀ ಶಿಕ್ಷೆ ಅನ್ನುವ 1994ರ "ಮೂರು ಸ್ಟ್ರೈಕ್" ಕಾನೂನು ಬಂದು ಕೂತಿತು: ಕನಿಷ್ಠ 25 ವರ್ಷ, ಹೆಚ್ಚೆಂದರೆ ಜೀವಾವಧಿ. ಅದೇ ಕಾನೂನಿನಡಿ ಇನ್ನೊಬ್ಬ ಎರಡು ಅಂಗಡಿಗಳಿಂದ ಒಟ್ಟು ಸುಮಾರು 153 ಡಾಲರ್‌ನ ವಿಡಿಯೊ ಕ್ಯಾಸೆಟ್ ಕದ್ದು ಕನಿಷ್ಠ 50 ವರ್ಷ, ಹೆಚ್ಚೆಂದರೆ ಜೀವಾವಧಿ ಪಡೆದ. ಅದು ಸಣ್ಣ ಕಳ್ಳತನವೇ. ಆದರೆ ಹಿಂದೆ ಶಿಕ್ಷೆ ಆಗಿದ್ದವರು ಮಾಡಿದರೆ ಫೆಲನಿ ಅಂತ ಹಾಕಬಹುದಿತ್ತು. 2003ರಲ್ಲಿ ಸುಪ್ರೀಂ ಕೋರ್ಟ್ ಎರಡೂ ಶಿಕ್ಷೆಗಳನ್ನು ಉಳಿಸಿತು, 5–4 ಬಹುಮತದಲ್ಲಿ.

ಆಮೇಲೆ ಕ್ಯಾಲಿಫೋರ್ನಿಯಾ ಜನ ಎರಡು ದಶಕ ಈ ಗೆರೆಯನ್ನು ಹಿಂದೆ ಮುಂದೆ ತಳ್ಳಾಡಿದ್ದಾರೆ. 2012ರಲ್ಲಿ ಮೂರನೇ ಸ್ಟ್ರೈಕ್ ಗಂಭೀರ ಅಥವಾ ಹಿಂಸೆಯ ಅಪರಾಧ ಆಗಿರಬೇಕು ಅಂತ ಮತ ಹಾಕಿ ಬಿಗಿ ಸಡಿಲಿಸಿದರು. 2014ರಲ್ಲಿ 950 ಡಾಲರ್‌ವರೆಗಿನ ಕಳ್ಳತನ ಮಿಸ್‌ಡಿಮೀನರ್ ಅಂದರು. ಅಂಗಡಿಗಳಿಗೆ ಗುಂಪು ನುಗ್ಗುವ ವಿಡಿಯೊಗಳು ವರ್ಷಗಟ್ಟಲೆ ಓಡಾಡಿದವು. 2024ರ ನವೆಂಬರ್‌ನಲ್ಲಿ ಮತ್ತೆ ಬಿಗಿ: ಎರಡು ಸಲ ಕಳ್ಳತನಕ್ಕೆ ತಪ್ಪಿತಸ್ಥ ಅನ್ನಿಸಿಕೊಂಡವನು ಮೂರನೇ ಸಲ ಏನೇ ಕದ್ದರೂ, ಬೆಲೆ ಎಷ್ಟೇ ಇರಲಿ, ಫೆಲನಿ ಹಾಕಬಹುದು.

ರಾಜ್ಯಕ್ಕೊಂದು ನಿಘಂಟು

ನ್ಯೂಜೆರ್ಸಿಯಲ್ಲಿ ಬಹಳ ಜನ ಕನ್ನಡಿಗರಿದ್ದಾರೆ. ಅಲ್ಲಿಯ ದಂಡ ಸಂಹಿತೆಯಲ್ಲಿ ಫೆಲನಿ ಅನ್ನುವ ವರ್ಗವೇ ಇಲ್ಲ. ಒಂದರಿಂದ ನಾಲ್ಕು ಡಿಗ್ರಿಯ "ಕ್ರೈಮ್" ಇವೆ, ಅದಕ್ಕಿಂತ ಕೆಳಗೆ "ಡಿಸಾರ್ಡರ್ಲಿ ಪರ್ಸನ್ಸ್" ಅಪರಾಧ. 200 ಡಾಲರ್‌ನ ಸಾಮಾನು ಕದ್ದರೆ ನಾಲ್ಕನೇ ಡಿಗ್ರಿ, ಗರಿಷ್ಠ 18 ತಿಂಗಳು. ಹೆಸರು ಇಲ್ಲ ಅಂತ ಬಚಾವಾಗುವ ಹಾಗಿಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರುವುದರಿಂದ ಬೇರೆ ರಾಜ್ಯದವರೂ ಫೆಡರಲ್ ಸರ್ಕಾರದವರೂ ಅದನ್ನು ಫೆಲನಿ ಅಂತಲೇ ಓದಿಕೊಳ್ಳುತ್ತಾರೆ.

ಮೇರಿಲ್ಯಾಂಡ್‌ನಲ್ಲಿ ಉಲ್ಟಾ. ಅಲ್ಲಿ ಸೆಕೆಂಡ್ ಡಿಗ್ರಿ ಹಲ್ಲೆಗೆ 10 ವರ್ಷದವರೆಗೆ ಶಿಕ್ಷೆ ಇದೆ, ಹೆಸರು ಮಾತ್ರ ಮಿಸ್‌ಡಿಮೀನರ್. ಪೆನ್ಸಿಲ್ವೇನಿಯಾದಲ್ಲಿ 5 ವರ್ಷದ ಮಿಸ್‌ಡಿಮೀನರ್‌ಗಳಿವೆ. ಇದರಿಂದ ಎಂಥಾ ಫಜೀತಿ ಅಂತ ಒಂದು ಪ್ರಕರಣ ಹೇಳುತ್ತೇನೆ. 1995ರಲ್ಲಿ ಪೆನ್ಸಿಲ್ವೇನಿಯಾದ ಒಬ್ಬ ಆದಾಯ ಕಡಿಮೆ ತೋರಿಸಿ 2,458 ಡಾಲರ್‌ನ ಫುಡ್ ಸ್ಟಾಂಪ್ ಪಡೆದ. ನಮ್ಮ ಬಿಪಿಎಲ್ ಕಾರ್ಡ್‌ಗೆ ಸುಳ್ಳು ಆದಾಯ ಬರೆದ ಹಾಗೆ. ಜೈಲಿಗೆ ಹೋಗಲಿಲ್ಲ, ಹಣ ವಾಪಸ್ ಕಟ್ಟಿದ, ಜೈಲಿನ ಬದಲು ನಿಗಾದಲ್ಲಿಡುವ ಪ್ರೊಬೇಷನ್ ಮುಗಿಸಿದ. ಆತನ ರಾಜ್ಯದ ಪ್ರಕಾರ ಅದು ಮಿಸ್‌ಡಿಮೀನರ್. ಬೇಟೆಗೆ ಬಂದೂಕು ಕೊಳ್ಳಲು ಹೋದಾಗ ಬೇಡ ಅಂದರು. ಫೆಲನಿ ಆದವರ ಕೈಗೆ ಬಂದೂಕು ಬೇಡ ಅನ್ನುವ ಫೆಡರಲ್ ಕಾನೂನು ಹೆಸರು ನೋಡುವುದಿಲ್ಲ, ಗರಿಷ್ಠ ಶಿಕ್ಷೆ ನೋಡುತ್ತದೆ. ರಾಜ್ಯದ ಮಿಸ್‌ಡಿಮೀನರ್‌ಗೆ 2 ವರ್ಷದವರೆಗೆ ರಿಯಾಯಿತಿ ಇದೆ, ಇದು 5 ವರ್ಷದ್ದು. ಮೇಲ್ಮನವಿ ಕೋರ್ಟಿನಲ್ಲಿ ಆತ ಗೆದ್ದದ್ದು 2023ರಲ್ಲಿ. ಸುಪ್ರೀಂ ಕೋರ್ಟ್ ಮತ್ತೊಮ್ಮೆ ನೋಡಿ ಅಂತ ವಾಪಸ್ ಕಳಿಸಿದ ಮೇಲೆ 2024ರಲ್ಲಿ ಇನ್ನೊಮ್ಮೆ ಗೆದ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ಇಲ್ಲಿ ಬರಲಿಕ್ಕೆ ಸುಮಾರು ಮೂವತ್ತು ವರ್ಷ ಹಿಡಿಯಿತು.

ಕುಡಿದು ಗಾಡಿ ಓಡಿಸುವ ವಿಷಯವೂ ಹೀಗೇ. ವಿಸ್ಕಾನ್ಸಿನ್‌ನಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ ಅದು ಸಾಮಾನ್ಯವಾಗಿ ಕ್ರಿಮಿನಲ್ ಅಪರಾಧವೇ ಅಲ್ಲ, ಬರೀ ದಂಡ. ನ್ಯೂಯಾರ್ಕ್‌ನಲ್ಲಿ ಹತ್ತು ವರ್ಷದೊಳಗೆ ಎರಡನೇ ಸಲ ಆದರೆ ಫೆಲನಿ. ಕಾರಿನಲ್ಲಿ 15 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ ಮಗು ಇದ್ದರೆ ಮೊದಲ ಸಲವೇ ಫೆಲನಿ. ಅದೇ ವಿಸ್ಕಾನ್ಸಿನ್‌ನ ಪುಸ್ತಕದಲ್ಲಿ ವ್ಯಭಿಚಾರ ಇನ್ನೂ ಫೆಲನಿ ಅಂತಲೇ ಕೂತಿದೆ! ಯಾರೂ ಕೇಸು ಹಾಕುವುದಿಲ್ಲ, ಆದರೆ ಅಳಿಸಿಯೂ ಇಲ್ಲ. ನಮ್ಮ ಸುಪ್ರೀಂ ಕೋರ್ಟ್ ಇದನ್ನು 2018ರಲ್ಲೇ ಅಪರಾಧದ ಪಟ್ಟಿಯಿಂದ ತೆಗೆದುಹಾಕಿತ್ತು ಅನ್ನುವುದು ನೆನಪಿರಲಿ.

ಹರಾಜು ಕಟ್ಟೆ

ಇಷ್ಟು ಓದಿದವರಿಗೆ ಅನಿಸಬಹುದು, ಕೊನೆಗೆ ಕೋರ್ಟು, ಜ್ಯೂರಿ ಎಲ್ಲ ಕೂತು ಯೋಚಿಸಿ ತೀರ್ಮಾನಿಸುತ್ತಾರಲ್ಲ ಅಂತ. ಸಿನಿಮಾದಲ್ಲಿ ಹೌದು. 2012ರ ಒಂದು ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಕೊಟ್ಟ ಲೆಕ್ಕ: ಫೆಡರಲ್ ಶಿಕ್ಷೆಗಳಲ್ಲಿ ಶೇ 97, ರಾಜ್ಯಗಳ ಶಿಕ್ಷೆಗಳಲ್ಲಿ ಶೇ 94 ಬರುವುದು ತಪ್ಪೊಪ್ಪಿಗೆಯಿಂದ. ವಿಚಾರಣೆಯೇ ನಡೆಯುವುದಿಲ್ಲ. ಕೋರ್ಟಿನ ಕಾರಿಡಾರಿನಲ್ಲಿ ಪ್ರಾಸಿಕ್ಯೂಟರ್ ಮತ್ತು ಡಿಫೆನ್ಸ್ ವಕೀಲರು ಚೌಕಾಸಿ ಮಾಡಿ ಮುಗಿಸುತ್ತಾರೆ.

ಆ ಚೌಕಾಸಿಯಲ್ಲಿ ಫೆಲನಿ ಅನ್ನುವ ಪದವೇ ದುಡ್ಡು. "ಫೆಲನಿ ಹಾಕಿದ್ದೇವೆ, ಒಪ್ಪಿಕೊಂಡರೆ ಮಿಸ್‌ಡಿಮೀನರ್‌ಗೆ ಇಳಿಸುತ್ತೇವೆ." ಬೇಲ್ ಕಟ್ಟಲು ಹಣವಿಲ್ಲದೆ ಒಳಗೆ ಕೂತವನಿಗೆ ಇದು ಬಹಳ ದೊಡ್ಡ ಆಮಿಷ. ತಪ್ಪು ಮಾಡದವನೂ ಒಪ್ಪಿಕೊಳ್ಳುತ್ತಾನೆ. ವಾಬ್ಲರ್‌ಗಳು ಇರುವುದು ದಯೆಗೆ ಅಂತ ಪುಸ್ತಕ ಹೇಳುತ್ತದೆ. ನನಗನಿಸುವುದು, ಅವು ಹೆಚ್ಚಾಗಿ ಬಳಕೆಯಾಗುವುದು ಹೆದರಿಸಲಿಕ್ಕೆ.

ಜೈಲು ಮುಗಿದ ಮೇಲೆ

ಬಂದೂಕಿನ ವಿಷಯ ಆಗಲೇ ಹೇಳಿದೆ. ಫೆಡರಲ್ ಜ್ಯೂರಿಯಲ್ಲಿ ಕೂರುವ ಹಾಗಿಲ್ಲ, ಹಕ್ಕು ವಾಪಸ್ ಸಿಗುವ ತನಕ. ಕೆಲಸದ ಅರ್ಜಿಯಲ್ಲಿ "ಫೆಲನಿ ಆಗಿದೆಯೇ?" ಅಂತ ಒಂದು ಚೌಕ ಇರುತ್ತಿತ್ತು. ಅದನ್ನು ಮೊದಲ ಹಂತದಲ್ಲೇ ಕೇಳಬಾರದು ಅಂತ ಹವಾಯಿ 1998ರಲ್ಲಿ ಕಾನೂನು ಮಾಡಿತು, ಆಮೇಲೆ ಬಹಳ ರಾಜ್ಯಗಳು ಹಿಂಬಾಲಿಸಿದವು.

ಮತದ ಹಕ್ಕು ಇನ್ನೂ ಗೋಜಲು. ಮೇನ್ ಮತ್ತು ವರ್ಮಾಂಟ್‌ನಲ್ಲಿ ಜೈಲಿನೊಳಗಿಂದಲೇ ಮತ ಹಾಕಬಹುದು. ಬೇರೆ ಕೆಲವು ಕಡೆ ಜೈಲಿನಿಂದ ಬಂದ ಮೇಲೂ ವರ್ಷಗಟ್ಟಲೆ ಇಲ್ಲ. ಫ್ಲೋರಿಡಾ ಜನ 2018ರಲ್ಲಿ ಶಿಕ್ಷೆ ಮುಗಿಸಿದ ಸುಮಾರು 14 ಲಕ್ಷ ಮಂದಿಗೆ ಮತ ಕೊಡೋಣ ಅಂತ ಭಾರೀ ಬಹುಮತದಿಂದ ತೀರ್ಮಾನಿಸಿದರು. ಮರುವರ್ಷವೇ ಶಾಸಕರು, ದಂಡ ಮತ್ತು ಕೋರ್ಟಿನ ಬಾಕಿ ಕಟ್ಟಿದರೆ ಮಾತ್ರ ಶಿಕ್ಷೆ ಮುಗಿದ ಹಾಗೆ ಅಂದರು. ಟ್ರಂಪ್ ಫ್ಲೋರಿಡಾದ ಮತದಾರರು. ಆದರೆ ಬೇರೆ ರಾಜ್ಯದ ಫೆಲನಿ ಆದರೆ ಫ್ಲೋರಿಡಾ ಆ ರಾಜ್ಯದ ನಿಯಮ ನೋಡುತ್ತದೆ. ನ್ಯೂಯಾರ್ಕ್‌ನಲ್ಲಿ ಜೈಲಿನಲ್ಲಿ ಇರುವಾಗ ಮಾತ್ರ ಮತ ಇಲ್ಲ. ಅದಕ್ಕೇ ಅವರು 2024ರಲ್ಲಿ ಮತ ಹಾಕಿದರು. ಕೆಳಕೋರ್ಟಿನ ಬಾಕಿ ಉಳಿಸಿಕೊಂಡ ಫ್ಲೋರಿಡಾದ ಬಡವನಿಗೆ ಆ ಭಾಗ್ಯ ಇಲ್ಲ.

ನಮ್ಮ ಪದ್ಧತಿ ಇದರ ಪಕ್ಕದಲ್ಲಿ ಇಟ್ಟು ನೋಡಿ. ನಮ್ಮಲ್ಲಿ ಜೈಲಿನೊಳಗೆ ಇದ್ದವರಿಗೆ ಮತ ಇಲ್ಲ, ಶಿಕ್ಷೆಯಾಗದ ವಿಚಾರಣಾಧೀನ ಕೈದಿಗೂ ಇಲ್ಲ. ಆದರೆ ಹೊರಗೆ ಬಂದ ದಿನವೇ ಮತ ವಾಪಸ್. ಶಿಕ್ಷೆಯಾಗದೆ ಜೈಲಿನಲ್ಲಿರುವವನು ಎಲೆಕ್ಷನ್‌ಗೆ ನಿಲ್ಲಬಹುದು, ತನಗೆ ತಾನೇ ಮತ ಹಾಕಿಕೊಳ್ಳುವ ಹಾಗಿಲ್ಲ. ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ಟ್ರಂಪ್ ವಿಷಯ ಬಿಟ್ಟುಬಿಟ್ಟರು.

ವೀಸಾದವರ ನಿಘಂಟೇ ಬೇರೆ

ಕನ್ನಡ ಓದುಗರಲ್ಲಿ ಬಹಳಷ್ಟು ಮಂದಿಗೆ ಅಮೆರಿಕದಲ್ಲಿ ಮಗನೋ ಸೊಸೆಯೋ ಅಕ್ಕನ ಮಕ್ಕಳೋ ಇದ್ದಾರೆ. ಅವರಿಗೆ ಮುಖ್ಯವಾಗುವುದು ಇನ್ನೊಂದು ಪದ: "ಆಗ್ರವೇಟೆಡ್ ಫೆಲನಿ". ಕೇಳಿದರೆ ಫೆಲನಿಗಿಂತ ಭಯಂಕರ ಅನಿಸುತ್ತದೆ, ಅಲ್ವಾ? ತಮಾಷೆ ಏನೆಂದರೆ ಅದು ಭಯಂಕರ ಆಗಿರಬೇಕಿಲ್ಲ, ಫೆಲನಿಯೂ ಆಗಿರಬೇಕಿಲ್ಲ.

1988ರಲ್ಲಿ ವಲಸೆ ಕಾನೂನಿಗೆ ಈ ಪದ ಬಂದಾಗ ಅದರಲ್ಲಿ ಇದ್ದದ್ದು ಕೊಲೆ, ಡ್ರಗ್ಸ್ ಸಾಗಣೆ, ಶಸ್ತ್ರಾಸ್ತ್ರ ಸಾಗಣೆ. ಆಮೇಲೆ ಪಟ್ಟಿ ಬೆಳೆಯುತ್ತಾ ಹೋಯಿತು. 1996ರ ತಿದ್ದುಪಡಿಗಳ ನಂತರ, ಒಂದು ವರ್ಷದ ಶಿಕ್ಷೆ ಬಿದ್ದ ಕಳ್ಳತನವೂ ಅದರಲ್ಲಿದೆ, 10,000 ಡಾಲರ್‌ಗಿಂತ ಜಾಸ್ತಿ ನಷ್ಟ ಮಾಡಿದ ಮೋಸವೂ ಇದೆ. ಅಮಾನತಿನಲ್ಲಿಟ್ಟ ಶಿಕ್ಷೆಯೂ ಲೆಕ್ಕಕ್ಕೆ ಬರುತ್ತದೆ. ಜೈಲಿನ ಬಾಗಿಲು ನೋಡದಿದ್ದರೂ ಜಡ್ಜ್ "ಒಂದು ವರ್ಷ, ಅಮಾನತಿನಲ್ಲಿದೆ" ಅಂದರೆ ಅದು ಒಂದು ವರ್ಷವೇ. ರೋಡ್ ಐಲೆಂಡ್‌ನಲ್ಲಿ ಸುಮಾರು 10 ಡಾಲರ್‌ನ ವಿಡಿಯೊ ಗೇಮ್ ಕದ್ದು ಇಂಥ ಶಿಕ್ಷೆ ಪಡೆದವನ ಮಿಸ್‌ಡಿಮೀನರ್ ಕಳ್ಳತನವನ್ನು 2000ದಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಆಗ್ರವೇಟೆಡ್ ಫೆಲನಿ ಅಂತ ಒಪ್ಪಿತು. ಈ ಹಣೆಪಟ್ಟಿ ಬಿದ್ದರೆ ಗ್ರೀನ್ ಕಾರ್ಡ್ ಇದ್ದವರಿಗೂ ಗಡೀಪಾರು ತಪ್ಪಿಸಿಕೊಳ್ಳುವ ದಾರಿಗಳು ಹೆಚ್ಚುಕಮ್ಮಿ ಮುಚ್ಚಿಹೋಗುತ್ತವೆ. ಇಪ್ಪತ್ತು ವರ್ಷದಿಂದ ಅಲ್ಲಿದ್ದೇನೆ, ಮಕ್ಕಳು ಅಲ್ಲೇ ಹುಟ್ಟಿದ್ದಾರೆ ಅನ್ನುವುದು ಜಡ್ಜ್ ಕಿವಿಗೆ ಬೀಳುವುದೇ ಇಲ್ಲ.

10,000 ಡಾಲರ್ ಗೆರೆಯ ಬಗ್ಗೆ 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣದಲ್ಲಿ ಇದ್ದವರು 1985ರಲ್ಲಿ ಭಾರತದಿಂದ ಹೋದವರು. ಜ್ಯೂರಿ ಮೋಸ ಆಗಿದೆ ಅಂತ ಹೇಳಿತ್ತು, ಎಷ್ಟು ನಷ್ಟ ಅಂತ ಹೇಳಿರಲಿಲ್ಲ. ಹಾಗಾದರೆ 10,000 ದಾಟಿದೆ ಅನ್ನುವುದು ಹೇಗೆ ಸಾಬೀತು ಅಂತ ಅವರ ವಾದ. ಶಿಕ್ಷೆಯ ಹಂತದಲ್ಲಿ ನೀವೇ ಒಪ್ಪಿದ ಮೊತ್ತ ಹತ್ತು ಕೋಟಿ ಡಾಲರ್ ಮೀರಿದೆ, ಅದನ್ನು ನೋಡಬಹುದು ಅಂತ ಕೋರ್ಟ್ ಸರ್ವಾನುಮತದಿಂದ ಹೇಳಿತು. ಆ ಪ್ರಕರಣದಲ್ಲಿ ಮೊತ್ತ ದೊಡ್ಡದು, ಯಾರಿಗೂ ಮರುಕ ಹುಟ್ಟಲಿಲ್ಲ. ಆದರೆ ಗೆರೆ ಇರುವುದು 10,000ಕ್ಕೇ. ಅದನ್ನೂ ವರ್ಜೀನಿಯಾದ 200 ಡಾಲರ್‌ನಂತೆ 1996ರಿಂದ ಯಾರೂ ಮುಟ್ಟಿಲ್ಲ.

ಆಗ್ರವೇಟೆಡ್ ಫೆಲನಿ ಅಲ್ಲದಿದ್ದರೂ ಇನ್ನೊಂದು ಬಲೆ ಇದೆ. ಕಳ್ಳತನ, ಮೋಸ ಇಂಥವಕ್ಕೆ ನೀತಿಗೆಟ್ಟ ಅಪರಾಧ ಅನ್ನುವ ವರ್ಗ. ದೇಶಕ್ಕೆ ಸೇರಿಸಿಕೊಂಡ ಐದು ವರ್ಷದೊಳಗೆ ಇಂಥದ್ದೊಂದು ಮಾಡಿ, ಅದಕ್ಕೆ ಒಂದು ವರ್ಷ ಅಥವಾ ಹೆಚ್ಚು ಶಿಕ್ಷೆ ಕೊಡಲು ಸಾಧ್ಯ ಇದ್ದರೆ ಗಡೀಪಾರು ಮಾಡಬಹುದು. ಗಮನಿಸಿ, ಒಂದು ವರ್ಷಕ್ಕಿಂತ ಹೆಚ್ಚು ಅಂತ ಅಲ್ಲ, ಒಂದು ವರ್ಷ ಆದರೂ ಸಾಕು. ಬಹಳ ರಾಜ್ಯಗಳಲ್ಲಿ ಮಿಸ್‌ಡಿಮೀನರ್‌ನ ಗರಿಷ್ಠ ಶಿಕ್ಷೆ ಸರಿಯಾಗಿ 365 ದಿನ. ಇದನ್ನು ಕಂಡುಕೊಂಡ ವಾಷಿಂಗ್ಟನ್ ರಾಜ್ಯ 2011ರಲ್ಲಿ ಅದನ್ನು 364 ದಿನ ಮಾಡಿತು. ಕ್ಯಾಲಿಫೋರ್ನಿಯಾ 2015ರಿಂದ, ನ್ಯೂಯಾರ್ಕ್ 2019ರಲ್ಲಿ ಅದೇ ಮಾಡಿದವು. ಆ ಒಂದು ದಿನ ಕತ್ತರಿಸಿದ್ದಕ್ಕೆ ಅಮೆರಿಕದವರಿಗೆ ಏನೂ ವ್ಯತ್ಯಾಸವಾಗಲಿಲ್ಲ. ಗ್ರೀನ್ ಕಾರ್ಡ್‌ನವರಿಗೆ ಅದು ವಿಮಾನ ಹತ್ತುವುದು ಮತ್ತು ಉಳಿಯುವುದರ ನಡುವಿನ ದಿನ.

2010ರ ತನಕ ಇದನ್ನು ಕಕ್ಷಿದಾರನಿಗೆ ಹೇಳಲೇಬೇಕು ಅಂತ ವಕೀಲರ ಮೇಲೆ ಸ್ಪಷ್ಟ ಹೊಣೆ ಇರಲಿಲ್ಲ. ಆ ವರ್ಷ ಸುಪ್ರೀಂ ಕೋರ್ಟ್, ತಪ್ಪೊಪ್ಪಿಕೊಂಡರೆ ಗಡೀಪಾರಿನ ಅಪಾಯ ಇದೆಯೇ ಅಂತ ಕ್ರಿಮಿನಲ್ ವಕೀಲರು ಹೇಳಲೇಬೇಕು ಅಂದಿತು. ಆದರೂ ಕಾರಿಡಾರಿನ ಚೌಕಾಸಿಯಲ್ಲಿ "ಬರೀ ಮಿಸ್‌ಡಿಮೀನರ್, ಜೈಲಿಲ್ಲ, ಸೈನ್ ಮಾಡು" ಅನ್ನುವ ಮಾತು ಕೇಳಿದಾಗ ನಮ್ಮ ಹುಡುಗರು ಪೆನ್ನು ಹಿಡಿಯುವ ಮೊದಲು ವಲಸೆ ವಕೀಲರನ್ನು ಕೇಳುವುದು ಒಳ್ಳೇದು.

ಇನ್ನು ಬರೀ ವೀಸಾ ಮೇಲಿದ್ದವರಿಗೆ ಶಿಕ್ಷೆಯೇ ಆಗಬೇಕಿಲ್ಲ. ಕುಡಿದು ಗಾಡಿ ಓಡಿಸಿ ಅರೆಸ್ಟ್ ಆದದ್ದಕ್ಕೇ ವೀಸಾ ರದ್ದಾಗಬಹುದು, ಕೇಸು ಇನ್ನೂ ನಡೆಯುತ್ತಿದ್ದರೂ. 2025ರ ಜುಲೈನಲ್ಲಿ ಇಲಿನಾಯ್‌ನ ಅಂಗಡಿಯೊಂದರಲ್ಲಿ ಭಾರತದಿಂದ ಬಂದ ಮಹಿಳೆಯನ್ನು ಕಳ್ಳತನದ ಆರೋಪದಲ್ಲಿ ಪೊಲೀಸರು ವಿಚಾರಿಸುವ ವಿಡಿಯೊ ಎಲ್ಲರ ಫೋನಿಗೆ ಬಂತು. ಅದರ ಹಿಂದೆಯೇ ದೆಹಲಿಯ ಅಮೆರಿಕ ರಾಯಭಾರ ಕಚೇರಿ ಎಚ್ಚರಿಕೆ ಹಾಕಿತು: ಹಲ್ಲೆ, ಕಳ್ಳತನ, ಮನೆಗಳ್ಳತನ ಮಾಡಿದರೆ ಕೇಸಿನ ಜೊತೆ ವೀಸಾವೂ ಹೋಗಬಹುದು, ಮುಂದೆಯೂ ಸಿಗದೆ ಇರಬಹುದು. ಆ ಎಚ್ಚರಿಕೆ ಫೆಲನಿಗೂ ಮಿಸ್‌ಡಿಮೀನರ್‌ಗೂ ಭೇದ ಮಾಡಲಿಲ್ಲ.

ವೀಸಾ ಅರ್ಜಿ ಡಿಎಸ್-160 ತುಂಬಿಸಿದವರಿಗೆ ಆ ಪುಟ ನೆನಪಿರಬಹುದು. ಅಪ್ಪ ಅಮ್ಮನನ್ನು ಬಾಣಂತನಕ್ಕೆ ಕಳಿಸುವಾಗ ಮಕ್ಕಳು ಇಲ್ಲಿಂದಲೇ ಟಕಟಕ ಅಂತ ಎಲ್ಲದಕ್ಕೂ "ಇಲ್ಲ" ಒತ್ತಿಕೊಂಡು ಹೋಗುತ್ತಾರೆ. ಅಲ್ಲಿರುವ ಪ್ರಶ್ನೆ ಫೆಲನಿ ಆಗಿದೆಯೇ ಅಂತಲ್ಲ. ಯಾವುದಾದರೂ ಅಪರಾಧಕ್ಕೆ ಎಂದಾದರೂ ಅರೆಸ್ಟ್ ಆಗಿದ್ದೀರಾ ಅಥವಾ ಶಿಕ್ಷೆ ಆಗಿದೆಯಾ, ಆಮೇಲೆ ಕ್ಷಮಾದಾನ ಸಿಕ್ಕಿದ್ದರೂ ಹೇಳಿ, ಅಂತ. ನಲವತ್ತು ವರ್ಷದ ಹಿಂದೆ ಯಾವುದೋ ಚಳವಳಿಯಲ್ಲಿ ರಸ್ತೆ ತಡೆದು ಸಂಜೆವರೆಗೆ ಠಾಣೆಯಲ್ಲಿ ಕೂತು ಬಂದ ಅಪ್ಪನನ್ನು, ಆ ಚೌಕ ಒತ್ತುವ ಮೊದಲು, ಒಂದು ಮಾತು ಕೇಳಿ ನೋಡಿ.